ವಿಮೆಯ ವಿಸ್ತಾರ, ಚಿಕಿತ್ಸೆಯ ಸಾಮೀಪ್ಯ



ಸಾರ್ವಜನಿಕ ಜೀವನದ ಪ್ರಶ್ನೆಯೊಂದನ್ನು ವರ್ಷಕ್ಕೊಮ್ಮೆ ಕೈಗೆತ್ತಿಕೊಂಡು, ಪಕ್ಷದ ಹಂಗಿಲ್ಲದೆ, ಸಾವಧಾನದಿಂದ ವಿಚಾರ ಮಾಡತಕ್ಕದ್ದೆಂಬುದು ಈ ಉಪನ್ಯಾಸ ದತ್ತಿಯ ಸಂಕಲ್ಪ. ಆ ಸಂಕಲ್ಪಕ್ಕೆ ತಕ್ಕ ವಿಷಯವೆಂದು ಈ ಬಾರಿ ನಾನು ಆರಿಸಿಕೊಂಡಿರುವುದು ಸರ್ಕಾರಿ ಆರೋಗ್ಯವಿಮೆಯ ವಿಸ್ತರಣೆ. ಚುನಾವಣೆ ಸಮೀಪಿಸಿದಾಗಲೆಲ್ಲ ಪ್ರಣಾಳಿಕೆಗಳಲ್ಲಿ ತಲೆಯೆತ್ತುವ, ಆಯವ್ಯಯ ಮಂಡನೆಯ ದಿನ ಸದನದಲ್ಲಿ ಮೇಜುಗಳ ಸದ್ದಿನೊಡನೆ ಸ್ವಾಗತ ಪಡೆಯುವ ಈ ವಿಷಯದ ಮೇಲೆ ನಮ್ಮಲ್ಲಿ ವಾದಕ್ಕೆ ಕೊರತೆಯಿಲ್ಲ. ಎಷ್ಟು ಕುಟುಂಬಗಳಿಗೆ, ಎಷ್ಟು ಲಕ್ಷ ರೂಪಾಯಿಗಳವರೆಗೆ, ಯಾರ ಹೆಸರಿನಲ್ಲಿ ಎಂಬ ಮೂರು ಪ್ರಶ್ನೆಗಳ ಸುತ್ತ ಆ ವಾದ ಬಹುಕಾಲದಿಂದ ಗಿರಕಿ ಹೊಡೆಯುತ್ತಿದೆ. ರೋಗಿಯ ಮನೆಯವರು ಮೊದಲು ಕೇಳುವ ಪ್ರಶ್ನೆಯಾದರೋ ಬೇರೆಯದು, ಅವರು ಕೇಳುವುದು "ಎಲ್ಲಿ?" ಎಂದು. ಆ ಪ್ರಶ್ನೆಯನ್ನು ರಾಜಕೀಯ ಚರ್ಚೆಯ ನಡುಮನೆಗೆ ತರಬೇಕೆಂಬುದೇ ಈ ಉಪನ್ಯಾಸದ ಉದ್ದೇಶ.

ವ್ಯಾಧಿಯ ವೆಚ್ಚವನ್ನು ರೋಗಿಯೊಬ್ಬನ ತಲೆಗೇ ಬಿಡದೆ ಸಮಾಜವೆಲ್ಲ ಹೊತ್ತುಕೊಳ್ಳಬೇಕೆಂಬ ಭಾವನೆ ನಮ್ಮ ದೇಶದಲ್ಲಿ ಈಚೆಗೆ ಹುಟ್ಟಿದ್ದಲ್ಲ. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿಯನ್ನೊಪ್ಪಿಸಿದ ಸರ್ ಜೋಸೆಫ್ ಭೋರ್ ಅವರ ಸಮಿತಿ, ಯುದ್ಧದಿಂದ ಬಳಲಿ, ಬಂಗಾಳದ ಕ್ಷಾಮದಿಂದ ಜರ್ಝರಿತವಾಗಿದ್ದ ದೇಶದ ಮುಂದೆ, ಹಣವಿಲ್ಲವೆಂಬ ಕಾರಣದಿಂದ ಯಾವನೊಬ್ಬನಿಗೂ ಯೋಗ್ಯ ಚಿಕಿತ್ಸೆ ತಪ್ಪಕೂಡದೆಂಬ ತತ್ತ್ವವನ್ನಿಟ್ಟಿತು; ಇಟ್ಟು ಸುಮ್ಮನಾಗದೆ, ಅಲ್ಪಾವಧಿಯ ಯೋಜನೆಯಲ್ಲಿ 40,000 ಜನರಿಗೊಂದರಂತೆ ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂದೂ, ಅಲ್ಲಿಂದ ಮೇಲಕ್ಕೆ ಆಸ್ಪತ್ರೆಗಳ ಶ್ರೇಣಿಯೊಂದು ಬೆಳೆಯಬೇಕೆಂದೂ ಲೆಕ್ಕ ಹಾಕಿ ತೋರಿಸಿತು. ಸಮಿತಿಯ ಕಲ್ಪನೆಯಲ್ಲಿ ಚಿಕಿತ್ಸೆಯೆಂಬುದು ಮೊದಲು ಒಂದು ಸ್ಥಳ, ಅನಂತರ ಒಂದು ಹಕ್ಕು. ನಾವು ಅನುಸರಿಸಿದ ಕ್ರಮ ಅದಕ್ಕೆ ವಿಪರ್ಯಸ್ತವಾದದ್ದು. ಸ್ಥಳ ಇನ್ನೂ ಅರ್ಧದಲ್ಲಿರುವಾಗಲೇ ಹಕ್ಕಿನ ಚೀಟಿಯನ್ನು ಹಂಚಲು ಹೊರಟೆವು.

ಚೀಟಿ ಮೊದಲು ಸಿಕ್ಕಿದ್ದಾದರೂ ಯಾರಿಗೆ? ಸಂಘಟಿತ ಕಾರ್ಮಿಕರಿಗೆ ಮತ್ತು ಸರ್ಕಾರಿ ನೌಕರರಿಗೆ. 1948ರ ಕಾಯಿದೆಯ ಮೇರೆಗೆ ರಚಿತವಾಗಿ 1952ರ ಫೆಬ್ರವರಿಯಲ್ಲಿ ಕಾನ್ಪುರದಲ್ಲಿ ಜವಾಹರಲಾಲ್ ನೆಹರೂ ಅವರಿಂದ ಉದ್ಘಾಟನೆಗೊಂಡ ಕಾರ್ಮಿಕರ ರಾಜ್ಯ ವಿಮಾ ಯೋಜನೆ, ಅಂದರೆ ನಮ್ಮ ಜನ ಇಎಸ್‌ಐ ಎಂದು ಕರೆಯುವುದು, ಕಾರ್ಖಾನೆಯ ಕೆಲಸಗಾರನಿಗೆ ನಿಸ್ಸಂಶಯವಾಗಿ ಆಸರೆಯಾಯಿತು. 1954ರಲ್ಲಿ ಕೇಂದ್ರ ಸರ್ಕಾರದ ನೌಕರರಿಗೆ ಪ್ರತ್ಯೇಕ ಯೋಜನೆಯೊಂದು ಬಂತು. ನೇಗಿಲು ಹಿಡಿದವನು, ನೇಯ್ಗೆಯವನು, ಬೀಡಿ ಕಟ್ಟುವವಳು, ಮನೆಗೆಲಸದವಳು ಇವರಿಗೆಲ್ಲ ಉಳಿದದ್ದು ಸರ್ಕಾರಿ ಆಸ್ಪತ್ರೆಯ ಸಾಲು, ಇಲ್ಲವೆ ಸಾಹುಕಾರನ ಬಾಗಿಲು. ಹೀಗೆ ಅರ್ಧ ಶತಮಾನ ಕಳೆಯಿತು.

ಈ ಅಂತರವನ್ನು ತುಂಬುವ ಮೊದಲ ದೊಡ್ಡ ಪ್ರಯತ್ನಗಳಲ್ಲೊಂದು ನಡೆದದ್ದು ನಮ್ಮ ನಾಡಿನಲ್ಲಿಯೇ ಎಂಬುದನ್ನು ಅಭಿಮಾನದಿಂದ ಹೇಳಬಹುದು. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಆರಂಭವಾದ ಯಶಸ್ವಿನಿ ಯೋಜನೆಯಲ್ಲಿ ಒಬ್ಬೊಬ್ಬ ಸದಸ್ಯ ತೆರಬೇಕಾಗಿದ್ದುದು ತಿಂಗಳಿಗೆ ಐದು ರೂಪಾಯಿ. ಹಾಲಿನ ಡೈರಿಯ, ಕೃಷಿ ಪತ್ತಿನ ಸಂಘದ ಲೆಕ್ಕಪುಸ್ತಕವೇ ವಿಮೆಯ ದಫ್ತರವೂ ಆಯಿತು. ಮೊದಲ ವರ್ಷದಲ್ಲಿಯೇ ಸುಮಾರು 16 ಲಕ್ಷ ಜನ ಸೇರಿದರು. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿಯವರ ಪ್ರೇರಣೆ, ಸರ್ಕಾರದ ಸಹಾಯಧನ, ಸಹಕಾರ ಚಳವಳಿಯ ಹಳೆಯ ಬೇರು ಇವು ಕೂಡಿಬಂದಾಗ ಏನು ಸಾಧ್ಯವೆಂಬುದಕ್ಕೆ ಅದು ಸಾಕ್ಷಿ. 2018ರಲ್ಲಿ ಯಶಸ್ವಿನಿಯನ್ನು ಬೇರೊಂದು ಯೋಜನೆಯಲ್ಲಿ ಲೀನಗೊಳಿಸಿ, 2022ರಲ್ಲಿ ಮತ್ತೆ ಪ್ರತ್ಯೇಕವಾಗಿ ಆರಂಭಿಸಲಾಯಿತು. ನಡುವಿನ ವರ್ಷಗಳಲ್ಲಿ ರೈತರು ಅದನ್ನು ಕೇಳಿಕೊಂಡು ಸಂಘದ ಕಾರ್ಯದರ್ಶಿಗಳ ಬಳಿಗೆ ಬರುತ್ತಲೇ ಇದ್ದರೆಂದರೆ, ಸ್ವಂತ ವಂತಿಗೆಯಿಂದ ಕಟ್ಟಿಕೊಂಡ ಸಂಸ್ಥೆಯ ಮೇಲೆ ಜನರಿಗೆ ಎಂಥ ಮಮತೆ ಇರುತ್ತದೆಂಬುದು ವ್ಯಕ್ತವಾಗುತ್ತದೆ.

ಆದರೆ ವಂತಿಗೆಯನ್ನೇ ತೆರಲಾರದವರ ಪಾಡೇನು? ಈ ಪ್ರಶ್ನೆಗೆ ನೆರೆಯ ಆಂಧ್ರದಲ್ಲಿ 2007ರ ರಾಜೀವ್ ಆರೋಗ್ಯಶ್ರೀ ಒಂದು ಉತ್ತರವಾದರೆ, ನಮ್ಮಲ್ಲಿ 2010ರಲ್ಲಿ ಗುಲ್ಬರ್ಗ ವಿಭಾಗದಿಂದ ಮೊದಲಾದ ವಾಜಪೇಯಿ ಆರೋಗ್ಯಶ್ರೀ ಮತ್ತೊಂದು. ಬಡತನದ ರೇಖೆಯ ಕೆಳಗಿನ ಕುಟುಂಬಗಳಿಗೆ ಹೃದಯ, ಮೂತ್ರಪಿಂಡ, ಅರ್ಬುದ, ಸುಟ್ಟಗಾಯ ಮೊದಲಾದ ಭಾರೀ ಚಿಕಿತ್ಸೆಗಳನ್ನು ಯಾವ ವಂತಿಗೆಯೂ ಇಲ್ಲದೆ ಕೊಡಿಸುವುದು ಅದರ ಗುರಿ. ಅದು ಒಮ್ಮೆಗೇ ರಾಜ್ಯವನ್ನೆಲ್ಲ ವ್ಯಾಪಿಸದೆ ಉತ್ತರದಿಂದ ದಕ್ಷಿಣಕ್ಕೆ ಹಂತ ಹಂತವಾಗಿ ಬಂದದ್ದರಿಂದ, ವಿದ್ವಾಂಸರಿಗೆ ಒಂದು ಅಪೂರ್ವ ಅವಕಾಶ ಒದಗಿತು. ಯೋಜನೆಯ ಗಡಿರೇಖೆಯ ಒಂದು ಮಗ್ಗುಲಿನ 300 ಹಳ್ಳಿಗಳನ್ನೂ ಇನ್ನೊಂದು ಮಗ್ಗುಲಿನ 272 ಹಳ್ಳಿಗಳನ್ನೂ ಹೋಲಿಸಿ ನೀರಜ್ ಸೂದ್ ಮತ್ತು ಅವರ ಸಹೋದ್ಯೋಗಿಗಳು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನವನ್ನು, ನಮ್ಮ ಶಾಸಕರಲ್ಲಿ ಒಬ್ಬೊಬ್ಬರೂ ಓದತಕ್ಕದ್ದು. ಮಣ್ಣು ಒಂದೇ, ಬೆಳೆ ಒಂದೇ, ಬಡತನ ಒಂದೇ. ನಡುವೆ ಇದ್ದದ್ದು ಆಡಳಿತದ ಗೆರೆ ಮಾತ್ರ. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಬಡಕುಟುಂಬಗಳಲ್ಲಿ ಸಂಭವಿಸಿದ ಮರಣದ ಪ್ರಮಾಣ ಯೋಜನೆಯಿಲ್ಲದಿದ್ದ ಗೆರೆಯ ಆಚೆ ಶೇ. 0.90 ಇದ್ದರೆ, ಯೋಜನೆಯಿದ್ದ ಈಚೆ ಶೇ. 0.32, ಆಸ್ಪತ್ರೆಗಾಗಿ ಮನೆಯವರು ಕೈಯಿಂದ ಮಾಡಿದ ಖರ್ಚು ಶೇ. 34ರಷ್ಟು ಕಡಿಮೆ.

ಸರ್ಕಾರಿ ವಿಮೆಯಿಂದ ಏನೂ ಪ್ರಯೋಜನವಿಲ್ಲ, ಅದೆಲ್ಲ ಮತಕ್ಕಾಗಿ ಹಂಚುವ ಪುಕ್ಕಟೆ ಕೊಡುಗೆ ಎಂದು ಹೇಳುವವರಿಗೆ ನನ್ನ ಉತ್ತರ ಆ ಎರಡು ಅಂಕಿಗಳಲ್ಲಿದೆ. ಆಚೆಯ ಹಳ್ಳಿಯಲ್ಲಿ ಸತ್ತು ಈಚೆಯ ಹಳ್ಳಿಯಲ್ಲಿ ಉಳಿದವರು ಮನುಷ್ಯರು. ಒಬ್ಬಳ ಗಂಡ, ಇನ್ನೊಬ್ಬನ ತಾಯಿ. ಅವರ ಪ್ರಾಣವನ್ನು ಉಚಿತ ಕೊಡುಗೆಗಳ ಪಟ್ಟಿಯಲ್ಲಿ ಸೇರಿಸಿ ಮಾತನಾಡುವುದು ನನಗೆ ಸಹ್ಯವಲ್ಲ. ಆದರೆ ಅದೇ ಅಧ್ಯಯನದಿಂದ ನಮಗೆ ಇನ್ನೊಂದು ಪಾಠವೂ ಉಂಟು. ಆ ಯೋಜನೆ ಕಾರ್ಡನ್ನು ಹಂಚಿ ಕಾದು ಕುಳಿತುಕೊಳ್ಳಲಿಲ್ಲ. ಹಳ್ಳಿಗಳಲ್ಲಿ ಆರೋಗ್ಯ ಶಿಬಿರಗಳನ್ನು ನಡೆಸಿ, ಎದೆನೋವನ್ನು ವಾಯುವೆಂದುಕೊಂಡು ಶುಂಠಿ ಕಷಾಯ ಕುಡಿಯುತ್ತಿದ್ದವರನ್ನು ಹುಡುಕಿ ನಗರದ ಆಸ್ಪತ್ರೆಗೆ ಕರೆದೊಯ್ಯಿತು. ರೋಗಿ ವಿಮೆಯ ಬಳಿಗೆ ಹೋಗದೆ ವಿಮೆಯೇ ರೋಗಿಯ ಬಳಿಗೆ ಬಂದಿತು. ನನ್ನ ಅಭಿಪ್ರಾಯದಲ್ಲಿ ಆ ಫಲದ ಬಹುಭಾಗ ಈ ನಡೆಗೆ ಸಲ್ಲತಕ್ಕದ್ದು.

2018ರಲ್ಲಿ ಎರಡು ಸಂಗತಿಗಳು ನಡೆದವು. ಮಾರ್ಚಿನಲ್ಲಿ ನಮ್ಮ ರಾಜ್ಯ ಸರ್ಕಾರ ಹಿಂದಿನ ಯೋಜನೆಗಳನ್ನೆಲ್ಲ ಒಗ್ಗೂಡಿಸಿ ಆರೋಗ್ಯ ಕರ್ನಾಟಕವನ್ನು ಜಾರಿಗೆ ತಂದಿತು. ಸೆಪ್ಟೆಂಬರಿನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ರಾಂಚಿಯಲ್ಲಿ ಆಯುಷ್ಮಾನ್ ಭಾರತದ ವಿಮಾ ಶಾಖೆಯನ್ನು ಉದ್ಘಾಟಿಸಿದರು. 2011ರ ಸಾಮಾಜಿಕ-ಆರ್ಥಿಕ ಗಣತಿಯ ಆಧಾರದ ಮೇಲೆ 10.74 ಕೋಟಿ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಆಸ್ಪತ್ರೆ ವೆಚ್ಚ, ಅದರಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಅಕ್ಟೋಬರಿನಲ್ಲಿ ಎರಡೂ ಕೂಡಿ, ಹೆಸರುಗಳೂ ಕೂಡಿ, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕವಾಯಿತು. ಪಶ್ಚಿಮ ಬಂಗಾಳವಾದರೋ, ಫಲಾನುಭವಿಗಳಿಗೆ ಹೋದ ಪತ್ರಗಳಲ್ಲಿ ಯಾರ ಚಿತ್ರವಿತ್ತೆಂಬ ಜಗಳವೂ ಸೇರಿದಂತೆ ಹಲವು ಕಾರಣಗಳಿಂದ, 2019ರ ಜನವರಿಯಲ್ಲಿ ಆಯುಷ್ಮಾನ್ ಭಾರತದಿಂದ ಹೊರನಡೆಯಿತು. ಕಾರ್ಡಿನ ಮೇಲಿನ ಭಾವಚಿತ್ರಕ್ಕಾಗಿ ಸರ್ಕಾರಗಳು ಕಲಹವಾಡುವುದು ರೋಗಿಗೆ ಮಾಡುವ ಅಗೌರವ. ಆದರೆ ಹಣದ ಕಲಹವನ್ನು ಹಾಗೆ ತಳ್ಳಿಹಾಕುವಂತಿಲ್ಲ. ಕರ್ನಾಟಕದಲ್ಲಿ ಕೇಂದ್ರವು ತನ್ನ ಪಾಲಿಗೆ ಲೆಕ್ಕ ಹಿಡಿದದ್ದು ಸುಮಾರು 62 ಲಕ್ಷ ಕುಟುಂಬಗಳನ್ನು. ಪಡಿತರ ಚೀಟಿಯ ಪ್ರಕಾರ ರಾಜ್ಯ ಒಳಗೊಳ್ಳಬೇಕಾದವರು ಅದಕ್ಕಿಂತ ಬಹಳ ಹೆಚ್ಚು. ಉಳಿದವರ ಭಾರವೆಲ್ಲ ರಾಜ್ಯದ ಬೊಕ್ಕಸದ್ದು. 2024ರಲ್ಲಿ ಆದಾಯದ ಮಿತಿಯಿಲ್ಲದೆ 70 ವರ್ಷ ತುಂಬಿದವರಿಗೆಲ್ಲ ಈ ರಕ್ಷಣೆಯನ್ನು ವಿಸ್ತರಿಸಲು ಕೇಂದ್ರ ಸಚಿವ ಸಂಪುಟ ನಿರ್ಧರಿಸಿದಾಗ, ವೃದ್ಧರಿಗೆ ಆದಾಯ ಪ್ರಮಾಣಪತ್ರ ಕೇಳದ ಆ ನಿರ್ಣಯವನ್ನು ನಾನು ಹೃತ್ಪೂರ್ವಕವಾಗಿ ಮೆಚ್ಚಿದೆ. ಬಡವನೆಂದು ರುಜುವಾತು ಮಾಡಿಸಿ ಚಿಕಿತ್ಸೆ ಕೊಡುವ ಪದ್ಧತಿ ಎಲ್ಲಿಯವರೆಗೆ ಇರುತ್ತದೆಯೋ ಅಲ್ಲಿಯವರೆಗೆ ರುಜುವಾತು ಮಾಡಲಾರದ ಬಡವನೂ ಇದ್ದೇ ಇರುತ್ತಾನೆ.

ಪ್ರಕೃತ ವಾದದಲ್ಲಿ ಇನ್ನೊಂದು ಪಕ್ಷವಿದೆ. ಅದನ್ನು ನಾನು ಹೆಚ್ಚು ಗೌರವದಿಂದ ಕಾಣುತ್ತೇನೆ. ಸರ್ಕಾರಿ ಆಸ್ಪತ್ರೆಗೆ ಸಲ್ಲಬೇಕಾದ ಹಣವನ್ನು ವಿಮೆಯೆಂಬ ಕಾಲುವೆಯ ಮೂಲಕ ಖಾಸಗಿ ಆಸ್ಪತ್ರೆಗಳ ಗದ್ದೆಗೆ ಹರಿಯಬಿಡಲಾಗುತ್ತಿದೆ ಎಂಬುದು ಅವರ ಆಕ್ಷೇಪಣೆ. ಇದಕ್ಕೆ ಪುರಾವೆಗಳಿಲ್ಲದಿಲ್ಲ. ಛತ್ತೀಸಗಢದಲ್ಲಿ, ಬಿಹಾರದಲ್ಲಿ ಹಿಂದಿನ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯ 30,000 ರೂಪಾಯಿಗಳ ಮೊತ್ತಕ್ಕಾಗಿ ಬಡ ಹೆಂಗಸರ ಗರ್ಭಕೋಶಗಳನ್ನು ನಿಷ್ಕಾರಣವಾಗಿ ತೆಗೆದುಹಾಕಿದ ಪ್ರಕರಣಗಳು 2012ರ ಸುಮಾರಿಗೆ ಬೆಳಕಿಗೆ ಬಂದವು. ನಮ್ಮ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಸ್ತ್ರೀಯರಿಗೆ ಆದ ಅದೇ ಬಗೆಯ ಅನ್ಯಾಯವನ್ನು ನಾವು ಮರೆಯತಕ್ಕದ್ದಲ್ಲ. 2023ರಲ್ಲಿ ಮಹಾಲೇಖಪಾಲರು ಸಂಸತ್ತಿನ ಮುಂದಿಟ್ಟ ವರದಿಯಲ್ಲಿ, ಆಯುಷ್ಮಾನ್ ಭಾರತದ ಸುಮಾರು ಏಳೂವರೆ ಲಕ್ಷ ಫಲಾನುಭವಿಗಳ ಹೆಸರುಗಳ ಮುಂದೆ ಹತ್ತು ಒಂಬತ್ತುಗಳ ಒಂದೇ ದೂರವಾಣಿ ಸಂಖ್ಯೆ ಬರೆದಿತ್ತೆಂಬುದು ಬಯಲಾಯಿತು. ಖಾಸಗಿ ಆಸ್ಪತ್ರೆಗಳ ದರಗಳಿಗೂ ರೋಗಿಗಳ ದೂರುಗಳಿಗೂ ಒಂದು ಕಟ್ಟುಪಾಡನ್ನು ತರಲು 2017ರಲ್ಲಿ ನಮ್ಮ ಆರೋಗ್ಯ ಸಚಿವರಾಗಿದ್ದ ರಮೇಶ್ ಕುಮಾರ್ ಅವರು ತಿದ್ದುಪಡಿ ಮಸೂದೆಯನ್ನು ತಂದಾಗ, ಬೆಳಗಾವಿಯ ಅಧಿವೇಶನದ ಹೊತ್ತಿಗೆ ಖಾಸಗಿ ವೈದ್ಯರು ಹೊರರೋಗಿ ವಿಭಾಗಗಳನ್ನು ಮುಚ್ಚಿ ಮುಷ್ಕರ ಹೂಡಿದ್ದನ್ನೂ, ಮಸೂದೆ ಮೃದುವಾಗಿ ಅಂಗೀಕೃತವಾದದ್ದನ್ನೂ ತಾವೆಲ್ಲ ಕಂಡಿದ್ದೀರಿ. ವೈದ್ಯರ ಅಂಜಿಕೆಯಲ್ಲಿ ನ್ಯಾಯವಾದ ಅಂಶವೂ ಇತ್ತು. ಸರ್ಕಾರ ಗೊತ್ತುಮಾಡುವ ಪ್ಯಾಕೇಜು ದರ ಹಲವು ಚಿಕಿತ್ಸೆಗಳಿಗೆ ಸಾಲದು, ಬಿಲ್ಲು ಪಾವತಿಗೆ ತಿಂಗಳುಗಟ್ಟಲೆ ಕಾಯಬೇಕು ಎಂಬ ಅವರ ದೂರು ಸುಳ್ಳಲ್ಲ. ಆದರೂ ಸಾರ್ವಜನಿಕ ಹಣವನ್ನು ಪಡೆಯುವವನು ಸಾರ್ವಜನಿಕ ತಪಾಸಣೆಗೆ ಒಳಪಡಲಾರೆನೆಂದರೆ ಅದನ್ನು ಒಪ್ಪಲಾಗದು.

ಹಾಗಾದರೆ ವಿಮೆಯನ್ನು ಬಿಟ್ಟು ಆಸ್ಪತ್ರೆಗಳನ್ನೇ ಕಟ್ಟೋಣವೆ? ಇಲ್ಲಿ ನಾನು ಹಾಗೆ ವಾದಿಸುವ ಹಿತಚಿಂತಕರಿಂದ ಬೇರೆಯಾಗುತ್ತೇನೆ. ಇಂದು ಎದೆ ಹಿಡಿದುಕೊಂಡು ಬಿದ್ದವನಿಗೆ ಹತ್ತು ವರ್ಷದ ಮೇಲೆ ಕಟ್ಟಲಿರುವ ಆಸ್ಪತ್ರೆಯ ನಕ್ಷೆಯನ್ನು ತೋರಿಸಲಾಗದು.

ಆದರೆ ವಿಮೆಯೊಂದೇ ಸಾಲದೆಂಬುದಕ್ಕೆ, ಜಿಲ್ಲಾ ಆಸ್ಪತ್ರೆಯೊಂದರಲ್ಲಿ, ವಿಮೆಯ ರೋಗಿಗಳಿಗೆ ನೆರವಾಗುವ ಆರೋಗ್ಯಮಿತ್ರರ ಮೇಜಿನ ಬಳಿ ನಾನು ಕಂಡ ಒಂದು ಸಂಗತಿಯನ್ನು ತಮ್ಮ ಮುಂದಿಡಬೇಕು. ಎಪ್ಪತ್ತರ ಸಮೀಪದ ಮುದುಕಿಯೊಬ್ಬಳು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಿದ್ದಳು. ಮಗ ಅವಳನ್ನು ಮೊದಲು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದಿದ್ದ. ಅಲ್ಲಿ ಮೂಳೆ ವೈದ್ಯರು ಇದ್ದರು, ಶಸ್ತ್ರಕ್ರಿಯೆಯ ಕೊಠಡಿ ಇತ್ತು; ಇಲ್ಲದಿದ್ದವರು ಅರಿವಳಿಕೆ ಕೊಡುವ ವೈದ್ಯರು. ಹುದ್ದೆ ಖಾಲಿ. ಎರಡು ದಿನ ಕಾದು, ರೆಫರಲ್ ಚೀಟಿ ಬರೆಸಿಕೊಂಡು, ಬಾಡಿಗೆ ಗಾಡಿಯಲ್ಲಿ ಜಿಲ್ಲಾ ಕೇಂದ್ರಕ್ಕೆ ಬಂದರೆ, ಪಡಿತರ ಚೀಟಿಯಲ್ಲಿದ್ದ ಹೆಸರೂ ಆಧಾರಿನಲ್ಲಿದ್ದ ಹೆಸರೂ ಒಂದಕ್ಷರ ಬೇರೆ. "ಸಾರ್, ಅವ್ವ ಒಬ್ಳೇ ಅಲ್ವಾ, ಹೆಸ್ರು ಎರಡಾದ್ರೇನು?" ಎಂದು ಮಗ ಕೇಳುತ್ತಿದ್ದ. ಮೇಜಿನ ಹಿಂದಿದ್ದ ತರುಣ ಗದರಲಿಲ್ಲ. "ಅಣ್ಣಾ, ಕಂಪ್ಯೂಟರ್ ತಗೊಳಲ್ಲ, ನಾನೇ ಮಾತಾಡಿ ಸರಿ ಮಾಡಿಸ್ತೀನಿ, ಅವ್ವನ್ನ ಮಲಗಿಸಿ" ಎಂದು ಹೇಳಿ ಮೂರು ಕಡೆ ಫೋನು ಮಾಡಿದ. ಸಂಜೆಯ ಹೊತ್ತಿಗೆ ಮಂಜೂರಾತಿ ಬಂತು, ಅವಳಿಗೆ ಶಸ್ತ್ರಕ್ರಿಯೆ ಆಯಿತು, ಆಸ್ಪತ್ರೆಗೆ ಅವರು ಒಂದು ಪೈಸೆ ಕೊಡಲಿಲ್ಲ. ಆದರೆ ಗಾಡಿಯ ಬಾಡಿಗೆ, ಜೊತೆಗಿದ್ದವರ ಊಟ, ಮಗನ ಹೋದ ಕೂಲಿ, ಬಿಡುಗಡೆಯಾದ ಮೇಲೆ ತಿಂಗಳುಗಟ್ಟಲೆ ಮಾತ್ರೆ ಇವೆಲ್ಲ ಸೇರಿ ಆ ಮನೆಯ ಮೇಲೆ ಕೈಸಾಲ ನಿಂತಿತು.

ಆ ರೆಫರಲ್ ಚೀಟಿಯ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಮ್ಮ ರಾಜ್ಯದ ಯೋಜನೆಯಲ್ಲಿ ಸುಮಾರು 1,650 ಬಗೆಯ ಚಿಕಿತ್ಸೆಗಳಿವೆ. ತುರ್ತು ಸ್ಥಿತಿಯ ಚಿಕಿತ್ಸೆಗಳನ್ನು ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗಬೇಕಾದವನು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಇಲ್ಲಿ ಈ ಸೌಲಭ್ಯವಿಲ್ಲವೆಂಬ ಶಿಫಾರಸನ್ನು ಪಡೆಯಬೇಕೆಂಬುದು ಆರೋಗ್ಯ ಕರ್ನಾಟಕದ ಮೂಲನಿಯಮ. ಈ ನಿಯಮವನ್ನು ರೋಗಿಗಳು ಕಿರುಕುಳವೆನ್ನುತ್ತಾರೆ, ಖಾಸಗಿಯವರು ಅಡ್ಡಗೋಡೆಯೆನ್ನುತ್ತಾರೆ, ಪ್ರತಿಪಕ್ಷದಲ್ಲಿರುವವರು ಯಾರೇ ಆಗಲಿ ಅದನ್ನು ತೆಗೆದುಹಾಕುವುದಾಗಿ ಭರವಸೆ ಕೊಡುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಯೋಜನೆಯ ಅತ್ಯಂತ ವಿವೇಕದ ಅಂಶವೇ ಇದು. ವಿಮೆಯ ಹಣ ಮೊದಲು ಸರ್ಕಾರಿ ಆಸ್ಪತ್ರೆಯ ಬಾಗಿಲನ್ನು ಮುಟ್ಟುವಂತೆ ಮಾಡುವ, ಅಲ್ಲಿ ಮಾಡಬಹುದಾದ ಶಸ್ತ್ರಕ್ರಿಯೆಯನ್ನು ಅಲ್ಲಿಯೇ ಮಾಡಿಸುವ, ಮಾಡಿದ್ದಕ್ಕೆ ಆ ಆಸ್ಪತ್ರೆಗೂ ಹಣ ಸಲ್ಲುವಂತೆ ಮಾಡುವ ಕಟ್ಟಳೆ ಇದೊಂದೇ. ಇದನ್ನು ಕಿತ್ತುಹಾಕಿದರೆ, ಹಣ ಖಾಸಗಿ ಗದ್ದೆಗೆ ಹರಿಯುತ್ತಿದೆಯೆಂಬ ಮೇಲೆ ಹೇಳಿದ ಆಕ್ಷೇಪಣೆ ಪೂರ್ಣ ಸತ್ಯವಾಗುತ್ತದೆ. ಆದರೆ ಅದೇ ನಿಯಮ, ತಜ್ಞನಿಲ್ಲದ ತಾಲ್ಲೂಕಿನಲ್ಲಿ, ಮುರಿದ ಸೊಂಟದ ಮುದುಕಿಯನ್ನು ಎರಡು ದಿನ ಕಾಯಿಸುವ ಕ್ರೌರ್ಯವಾಗಿ ಪರಿಣಮಿಸುತ್ತದೆ. ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೃಷಿ ಕಾರ್ಮಿಕನೊಬ್ಬನನ್ನು ಕಲ್ಕತ್ತೆಯ ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದರಂತೆ ಹಾಸಿಗೆಯಿಲ್ಲವೆಂದು ಹಿಂದಕ್ಕೆ ಕಳುಹಿಸಿದ ಪ್ರಕರಣದಲ್ಲಿ, ಹಣದ ಅಭಾವವನ್ನು ನೆಪವಾಗಿ ಹೇಳಿ ಸರ್ಕಾರ ತನ್ನ ಸಂವಿಧಾನಾತ್ಮಕ ಹೊಣೆಯಿಂದ ತಪ್ಪಿಸಿಕೊಳ್ಳಲಾಗದೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿಯೇ ತೀರ್ಪಿತ್ತಿದೆ. ಖಾಲಿ ಹುದ್ದೆಯ ನೆಪಕ್ಕೂ ಆ ತೀರ್ಪಿನ ತಾತ್ಪರ್ಯ ಅನ್ವಯಿಸದೆ ಇರದು.

ಇನ್ನು ಔಷಧದ ಮಾತು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ, ದೇಶದ ಒಟ್ಟು ಆರೋಗ್ಯವೆಚ್ಚದಲ್ಲಿ ಜನರು ತಮ್ಮ ಕೈಯಿಂದ ಕೊಡುವ ಪಾಲು 2013-14ರಲ್ಲಿ ಶೇ. 64.2 ಇದ್ದದ್ದು 2021-22ರಲ್ಲಿ ಶೇ. 39.4ಕ್ಕೆ ಇಳಿದಿದೆ. ಇಳಿತ ಸಂತೋಷದ ವಿಷಯ. ಉಳಿದದ್ದು ಎಲ್ಲಿ ವ್ಯಯವಾಗುತ್ತಿದೆಯೆಂದು ನೋಡಿದರೆ, ಬಹುಪಾಲು ಹಾಸಿಗೆಯ ಮೇಲೆ ಮಲಗದ ರೋಗಿಗಳ ಮಾತ್ರೆಗೆ, ಪರೀಕ್ಷೆಗೆ. ಸಕ್ಕರೆ ಕಾಯಿಲೆಯವನು, ಬಿಪಿಯವನು ತಿಂಗಳು ತಿಂಗಳೂ ಮೆಡಿಕಲ್ ಅಂಗಡಿಯಲ್ಲಿ ತೆರುವ ಹಣಕ್ಕೆ 5 ಲಕ್ಷದ ಕಾರ್ಡು ಏನೂ ಕೊಡದು. ಮಾತ್ರೆ ಕೊಳ್ಳಲಾರದೆ ಬಿಟ್ಟು, ಮೂತ್ರಪಿಂಡ ಕೆಟ್ಟು ಡಯಾಲಿಸಿಸ್‌ಗೆ ಬಂದ ದಿನ ಅದೇ ಕಾರ್ಡು ಧಾರಾಳವಾಗಿ ಕೈ ಬಿಚ್ಚುತ್ತದೆ. ರೋಗ ಬೆಳೆಯುವವರೆಗೆ ಕಾದು, ಬೆಳೆದ ಮೇಲೆ ಸಾವಿರಗಟ್ಟಲೆ ಸುರಿಯುವ ಈ ಕ್ರಮದಲ್ಲಿ ದಯೆಯೂ ಇಲ್ಲ, ಮಿತವ್ಯಯವೂ ಇಲ್ಲ. ತಮಿಳುನಾಡು 1995ರಿಂದ ತನ್ನದೇ ನಿಗಮವೊಂದರ ಮೂಲಕ ಔಷಧಗಳನ್ನು ಒಟ್ಟಾಗಿ ಕೊಂಡು ಸರ್ಕಾರಿ ಆಸ್ಪತ್ರೆಗಳಿಗೆ ಒದಗಿಸುತ್ತ ಬಂದಿದೆ. ಅದು ಭಾಷಣದಲ್ಲಿ ಶೋಭಿಸುವ ಸುಧಾರಣೆಯಲ್ಲ, ಉಗ್ರಾಣದ ಸುಧಾರಣೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ, ಸರ್ಕಾರದ ಆರೋಗ್ಯವೆಚ್ಚ 2025ರ ಹೊತ್ತಿಗೆ ರಾಷ್ಟ್ರೋತ್ಪನ್ನದ ಶೇ. 2.5 ಆಗಬೇಕೆಂದೂ ಅದರಲ್ಲಿ ಮೂರರಲ್ಲೆರಡು ಪಾಲು ಪ್ರಾಥಮಿಕ ಆರೈಕೆಗೆ ಸಲ್ಲಬೇಕೆಂದೂ ಹೇಳಿತ್ತು. 2021-22ರಲ್ಲಿ ಆ ಒಟ್ಟು ವೆಚ್ಚ ಶೇ. 1.84ರಲ್ಲಿತ್ತು.

ಪರದೇಶಗಳ ನಿದರ್ಶನಗಳನ್ನು ನಾನು ಹೆಚ್ಚಾಗಿ ತರುವುದಿಲ್ಲ. ಕೆನಡದ ಸಸ್ಕಾಚೆವಾನ್ ಪ್ರಾಂತದಲ್ಲಿ 1962ರಲ್ಲಿ ಸರ್ಕಾರಿ ವಿಮೆಯ ವಿರುದ್ಧ ವೈದ್ಯರು 23 ದಿನ ಮುಷ್ಕರ ಹೂಡಿದರೆಂಬುದನ್ನೂ, ಅಮೆರಿಕದಲ್ಲಿ ವೃದ್ಧರ ವಿಮೆ 1965ರಲ್ಲಿ ವೈದ್ಯಸಂಘದ ಪ್ರಬಲ ವಿರೋಧವನ್ನೆದುರಿಸಿ ಕಾಯಿದೆಯಾಯಿತೆಂಬುದನ್ನೂ ಸೂಚಿಸಿ ಮುಂದೆ ಹೋಗುತ್ತೇನೆ. ನಮಗೆ ನಿಜವಾಗಿ ಬೋಧಕವಾದದ್ದು ಥಾಯ್ಲೆಂಡಿನ ವೃತ್ತಾಂತ. ಅಲ್ಲಿ ಒಂದು ಭೇಟಿಗೆ 30 ಬಾತ್ ತೆತ್ತರೆ ಚಿಕಿತ್ಸೆಯೆಂಬ ಯೋಜನೆ 2001ರ ಚುನಾವಣೆಯ ಭರವಸೆಯಾಗಿ ಬಂದು, ಮರುವರ್ಷದ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿತು. ಅದು ನಿಂತದ್ದಕ್ಕೆ ಕಾರಣ ಆ ಚುನಾವಣೆಯಲ್ಲ. ಅದಕ್ಕೆ ಮುಂಚಿನ ದಶಕಗಳಲ್ಲಿ ಜಿಲ್ಲೆ ಜಿಲ್ಲೆಗಳಲ್ಲಿ ಕಟ್ಟಿದ್ದ ಸರ್ಕಾರಿ ಆಸ್ಪತ್ರೆಗಳು, ತರುಣ ವೈದ್ಯರಿಗೆ ವಿಧಿಸಿದ್ದ ಗ್ರಾಮಸೇವೆ. ಅಲ್ಲಿಯ ವಿಮೆ ಹೊರರೋಗಿಯನ್ನೂ ಒಳರೋಗಿಯನ್ನೂ ಒಂದೇ ಕಣ್ಣಿನಿಂದ ನೋಡಿತು. ಹಣವನ್ನು ಬಹುಮಟ್ಟಿಗೆ ಶಸ್ತ್ರಕ್ರಿಯೆಗಳ ಎಣಿಕೆಯಿಂದಲ್ಲ, ಸುತ್ತಣ ಜನಸಂಖ್ಯೆಯ ಎಣಿಕೆಯಿಂದ ಊರ ಆಸ್ಪತ್ರೆಗೆ ಕೊಟ್ಟಿತು. ಅಲ್ಲಿ ವಿಸ್ತಾರವೂ ಸಾಮೀಪ್ಯವೂ ಜೊತೆಜೊತೆಯಾಗಿ ನಡೆದವು.

ಆದಕಾರಣ ವಿಸ್ತರಣೆ ಆಗಬೇಕು, ಆದಾಯದ ಪ್ರಶ್ನೆ ಕೇಳದೆ ಎಲ್ಲರಿಗೂ ಆಗಬೇಕು, ತೆರಿಗೆಯ ಹಣದಿಂದಲೇ ಆಗಬೇಕು ಎಂಬ ಪಕ್ಷದಲ್ಲಿ ನಾನಿದ್ದೇನೆ. ಅದರೊಡನೆ ನಮ್ಮ ವಿಧಾನಮಂಡಲದ ಮುಂದೆ ಎರಡು ಬೇಡಿಕೆಗಳನ್ನಿಡುತ್ತೇನೆ. ದೀರ್ಘಕಾಲದ ಕಾಯಿಲೆಗಳ ಔಷಧ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದೊರೆಯದ ತಿಂಗಳು, ಅದರ ಬೆಲೆಯನ್ನು ವಿಮೆಯೇ ಹೊರಗಿನ ಅಂಗಡಿಗೆ ಭರಿಸತಕ್ಕದ್ದು. ಆಗ ಉಗ್ರಾಣ ಬರಿದಾದ ನಷ್ಟ ರೋಗಿಯ ಲೆಕ್ಕದಿಂದ ಸರ್ಕಾರದ ಲೆಕ್ಕಕ್ಕೆ ಬರುತ್ತದೆ. ಎರಡನೆಯದು ರೆಫರಲ್ ನಿಯಮಕ್ಕೆ ಸಂಬಂಧಪಟ್ಟದ್ದು. ಯಾವ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಚಿಕಿತ್ಸೆಗೆ ಬೇಕಾದ ತಜ್ಞನ ಹುದ್ದೆ ಖಾಲಿಯಿದೆಯೋ, ಆ ತಾಲ್ಲೂಕಿನವರಿಗೆ ಆ ಚಿಕಿತ್ಸೆಯ ಮಟ್ಟಿಗೆ ಚೀಟಿಯ ನಿಯಮ ತಾನಾಗಿಯೇ ಅಮಾನತ್ತಿನಲ್ಲಿರಬೇಕು. ಅವರು ಪಟ್ಟಿಯಲ್ಲಿರುವ ಹತ್ತಿರದ ಯಾವುದೇ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಹಾಗೆ ಖಾಸಗಿ ಆಸ್ಪತ್ರೆಗಳಿಗೆ ಸಂದಾಯವಾದ ಮೊತ್ತವನ್ನು, ಹುದ್ದೆ ಯಾವ ದಿನದಿಂದ ಖಾಲಿಯಿದೆಯೆಂಬ ವಿವರದೊಡನೆ, ತಾಲ್ಲೂಕುವಾರು ಪಟ್ಟಿ ಮಾಡಿ ಆರೋಗ್ಯ ಸಚಿವರು ಪ್ರತಿ ಅಧಿವೇಶನದಲ್ಲಿಯೂ ಸದನದ ಮುಂದೆ ಇಡತಕ್ಕದ್ದು. ತನ್ನ ಕ್ಷೇತ್ರದ ಅರಿವಳಿಕೆ ವೈದ್ಯನ ಖಾಲಿ ಕುರ್ಚಿಗಾಗಿ ಬೊಕ್ಕಸದಿಂದ ಎಷ್ಟು ಹಣ ಹೋಯಿತೆಂಬುದನ್ನು ಒಬ್ಬೊಬ್ಬ ಶಾಸಕನೂ ಮುದ್ರಿತ ಅಂಕಿಯಲ್ಲಿ ಕಾಣುವಂತಾದರೆ, ಆ ಹುದ್ದೆಯನ್ನು ತುಂಬಿಸಲು ಅವನಿಗೆ ಇಂದಿಲ್ಲದ ಕಾರಣವೊಂದು ಹುಟ್ಟುತ್ತದೆ. ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ. ಯೋಜನೆಯ ಮಾರ್ಗಸೂಚಿಗೆ ಒಂದು ತಿದ್ದುಪಡಿ ಆದೇಶ ಸಾಕು, ಅದನ್ನು ಹೊರಡಿಸುವ ಅಧಿಕಾರ ಇಂದೂ ಸರ್ಕಾರದ ಕೈಯಲ್ಲಿದೆ.